ಅಜ್ಜಿಗೆ ಏನಾಗಿತ್ತು?



ಮನೆಭೇಟಿಗೆ ಹೋದಾಗ ಗೋಡೆಯ ಮೇಲಿನ ಹಳೆಯ ಫೋಟೋ ತೋರಿಸಿ, "ಇವರು ನಮ್ಮ ಅಜ್ಜಿ, ನಲವತ್ತಕ್ಕೇ ತೀರಿಕೊಂಡರು" ಎನ್ನುತ್ತಾರೆ. ಏನಾಗಿತ್ತು ಎಂದು ಕೇಳಿದರೆ, "ಏನೋ ಕಾಯಿಲೆ ಫಾದರ್" ಎಂದು ಮಾತು ತೇಲಿಸುತ್ತಾರೆ. ನಾವು ಹೊರಡುವ ಹೊತ್ತಿಗೆ ಮನೆಯ ಹಿರಿಯ ಹೆಂಗಸು ತಗ್ಗಿದ ದನಿಯಲ್ಲಿ ಹೇಳುತ್ತಾರೆ: "ಎದೆಯಲ್ಲಿ ಗಂಟಾಗಿತ್ತು. ಅವರ ತಂಗಿಗೂ ಹಾಗೇ ಆಯಿತು. ಹೆಣ್ಣುಮಕ್ಕಳ ಮದುವೆ ಆಗಬೇಕಲ್ಲ ಫಾದರ್, ಅದಕ್ಕೇ ಹೊರಗೆ ಹೇಳುವುದಿಲ್ಲ."

ಹೀಗೆ ಮುಚ್ಚಿಟ್ಟ ಮಾತಿನಲ್ಲೇ ವಿಜ್ಞಾನಕ್ಕೆ ದಾರಿ ಸಿಕ್ಕಿತು. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1866ರಲ್ಲೇ ತಮ್ಮ ಪತ್ನಿಯ ವಂಶದಲ್ಲಿ ತಲೆಮಾರಿನಿಂದ ತಲೆಮಾರಿಗೆ ಸ್ತನ ಕ್ಯಾನ್ಸರ್ ಮರುಕಳಿಸಿದ್ದನ್ನು ದಾಖಲಿಸಿದ್ದರು. ಕಾರಣ ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್, ಈ ಕಾಯಿಲೆ ಒಂದೇ ವಂಶವಾಹಿಯಿಂದ ಬರಬಹುದೆಂದಾಗ ನಂಬಿದವರು ಕಡಿಮೆ. ಅವರು ಎದೆಗುಂದಲಿಲ್ಲ. ಯಾರಿಗೆ, ಯಾವ ವಯಸ್ಸಿನಲ್ಲಿ ಕಾಯಿಲೆ ಬಂತೆಂದು ವಂಶವೃಕ್ಷ ಬರೆದರು. ರಕ್ತದ ಮಾದರಿಗಳನ್ನು ಹೋಲಿಸಿದರು. 23 ಕುಟುಂಬಗಳಲ್ಲಿ 146 ರೋಗಿಗಳಿದ್ದರು. ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದಿದ್ದ ಕುಟುಂಬಗಳೇ ಸುಳಿವು ಕೊಟ್ಟವು. ದೋಷ 17ನೆಯ ವರ್ಣತಂತುವಿನಲ್ಲಿದೆ ಎಂದು 1990ರಲ್ಲಿ ಅವರು ಪ್ರಕಟಿಸಿದರು. 1994ರಲ್ಲಿ ಆ ವಂಶವಾಹಿಯೇ ಕೈಗೆ ಸಿಕ್ಕಿತು. ಅದೇ ಬಿಆರ್‌ಸಿಎ-1. ಮರುವರ್ಷ, 13ನೆಯ ವರ್ಣತಂತುವಿನಲ್ಲಿರುವ ಬಿಆರ್‌ಸಿಎ-2 ಗುರುತಾಯಿತು.

ಜೀವಕೋಶದೊಳಗಿನ ಡಿಎನ್‌ಎಗೆ ಹಾನಿಯಾದಾಗ ಅದನ್ನು ಸರಿಪಡಿಸುವುದು ಈ ಎರಡರ ಕೆಲಸ. ಇವೇ ಕೆಟ್ಟರೆ ಹಾನಿ ಸೇರುತ್ತಾ ಹೋಗಿ ಕ್ಯಾನ್ಸರಿಗೆ ದಾರಿಯಾಗುತ್ತದೆ.

ಇಲ್ಲಿ ಮೂರು ಮಾತು ನೆನಪಿಡಬೇಕು. ಒಂದು, ಸ್ತನ ಕ್ಯಾನ್ಸರ್ ಬಂದ ನೂರು ಮಂದಿಯಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಅದು ವಂಶಪಾರಂಪರ್ಯವಾಗಿ ಬಂದದ್ದು. ಎರಡು, ಈ ದೋಷ ತಂದೆಯ ಕಡೆಯಿಂದಲೂ ಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಆದ್ದರಿಂದ ಸೊಸೆಯನ್ನೋ ಬೀಗರನ್ನೋ ದೂರುವುದರಲ್ಲಿ ಅರ್ಥವಿಲ್ಲ. ಮೂರು, ದೋಷವಿದ್ದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ಆದರೆ ಅಪಾಯ ದೊಡ್ಡದು: ಅಂಥ ಹತ್ತು ಮಹಿಳೆಯರಲ್ಲಿ ಆರೇಳು ಮಂದಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರಬಹುದು. ಅಂಡಾಶಯದ ಕ್ಯಾನ್ಸರಿನ ಭಯವೂ ಉಂಟು.

"ಇದು ವಂಶದ ಶಾಪವೇ ಫಾದರ್?" ಎಂದು ಕೇಳುವವರಿದ್ದಾರೆ. ಅಲ್ಲ. ಯಾರ ಪಾಪದ ಫಲವೂ ಅಲ್ಲ. ಕಣ್ಣಿನ ಬಣ್ಣ ಬರುವ ದಾರಿಯಲ್ಲೇ ಇದೂ ಬರುತ್ತದೆ. ಶಾಪವಾಗಿದ್ದರೆ ಕೈಕಟ್ಟಿ ಕೂರಬೇಕಿತ್ತು. ಕಾಯಿಲೆಯ ಸುಳಿವಾದ್ದರಿಂದ ಮಾಡಬೇಕಾದದ್ದು ಬಹಳ ಇದೆ. ಮೊದಲು ತಜ್ಞರ ಸಲಹೆ; ಅಗತ್ಯವೆಂದರೆ ರಕ್ತಪರೀಕ್ಷೆ. ಸಾಧ್ಯವಾದರೆ ಕಾಯಿಲೆ ಬಂದವರನ್ನೇ ಮೊದಲು ಪರೀಕ್ಷಿಸುತ್ತಾರೆ. ದೋಷ ಕಂಡವರಿಗೆ ಚಿಕ್ಕ ವಯಸ್ಸಿನಿಂದಲೇ ಸ್ತನದ ಎಂಆರ್‌ಐ ತಪಾಸಣೆ, ಕೆಲವರಿಗೆ ಶಸ್ತ್ರಚಿಕಿತ್ಸೆ. ದೋಷವಿದ್ದರೂ ಇಲ್ಲದಿದ್ದರೂ, ಗಂಟು ಕೈಗೆ ಸಿಕ್ಕಿದರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಮದುವೆಯ ಚಿಂತೆ ನಮಗೂ ಅರ್ಥವಾಗುತ್ತದೆ. ಊರಿಗೆಲ್ಲ ಸಾರಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಬೀಗರಿಂದ ಮುಚ್ಚಿಡುವ ಭರದಲ್ಲಿ ಸ್ವಂತ ಮಗಳಿಂದಲೇ ಮುಚ್ಚಿಟ್ಟರೆ, ಆಕೆಯನ್ನು ಕಾಯುವವರು ಯಾರು?

ಈ ಭಾನುವಾರ ಊಟವಾದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು, ತಾಯಿಯ ಕಡೆಯವರು, ತಂದೆಯ ಕಡೆಯವರು, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಗಿತ್ತೆಂದು ಒಂದು ಹಾಳೆಯಲ್ಲಿ ಬರೆದಿಡಿ. ಗಂಡುಮಕ್ಕಳೂ ಜೊತೆಯಲ್ಲಿರಲಿ. ಮಕ್ಕಳಿಗೆ ಹೊಲ, ಮನೆ, ಒಡವೆ ಬಿಟ್ಟುಹೋಗುವ ನಾವು ಈ ಹಾಳೆಯನ್ನೂ ಬಿಟ್ಟುಹೋಗೋಣ.