ಏಳು ಕೀಬೋರ್ಡು, ಒಂದು ಕೋಣೆ

ಮನೆಯಲ್ಲಿ ಜಾಗ ಸಾಲದು ಎಂಬ ಮಾತು ಬಂದಾಗ ಮೊದಲು ಬೀದಿಗೆ ಬೀಳುವುದು ಯಾರ ಸಾಮಾನು ಎಂದು ಯಾರಾದರೂ ಲೆಕ್ಕ ಇಟ್ಟಿದ್ದೀರಾ? ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಮಟ್ಟಿಗೆ ನಾನು ಇಟ್ಟಿದ್ದೇನೆ. ಮೊದಲು ಹೋದದ್ದು ನಮ್ಮ ಅತ್ತೆಯವರ ರುಬ್ಬುವ ಕಲ್ಲು. ಅದಕ್ಕೆ ಯಾರೂ ಅಳಲಿಲ್ಲ, ನಾನಂತೂ ಅಳಲಿಲ್ಲ. ಆಮೇಲೆ ಅವರ ತಂಬೂರಿ ಹೋಯಿತು. ಆಮೇಲೆ ನನ್ನ ಹೊಲಿಗೆ ಮೆಷಿನ್ನು. ಹಿತ್ತಲ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿರುವ ನಮ್ಮವರ ಸ್ಕೂಟರು 2009ರಿಂದ ಒಂದು ಗಜ ಕದಲಿಲ್ಲ. ಅದು ಮಾತ್ರ ಇದ್ದಲ್ಲೇ ಇದೆ. ಅದನ್ನು ಮನೆಯವರೆಲ್ಲ ‘ನೆನಪು’ ಎನ್ನುತ್ತಾರೆ. ನನ್ನದಕ್ಕೆ ‘ಸಾಮಾನು’ ಎನ್ನುತ್ತಾರೆ.

ಹೋದ ವರ್ಷ ನನ್ನ ಹಿಂದಿನ ಕೋಣೆಯ ಸರದಿ ಬಂತು. ಮಗ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಸೊಸೆಯೊಂದಿಗೆ ಇಲ್ಲಿಗೇ ಬಂದ, ಇಬ್ಬರಿಗೂ ಮನೆಯಿಂದಲೇ ಕೆಲಸ. ಸಂತೋಷವೇ. ಆದರೆ ಬಂದ ಮೂರನೆಯ ದಿನ ಅವನು ಕೋಣೆಯ ಬಾಗಿಲಲ್ಲಿ ನಿಂತು, ಕಲ್ಯಾಣ ಮಂಟಪದ ಅಳತೆ ನೋಡುವವನ ಹಾಗೆ ಗೋಡೆಯಿಂದ ಗೋಡೆಗೆ ಕಣ್ಣಾಡಿಸಿ, “ಅಮ್ಮಾ, ಇವನ್ನೆಲ್ಲ ಕಡಿಮೆ ಮಾಡಬಹುದಲ್ಲಾ?” ಅಂದ.

‘ಇವು’ ಎಂದರೆ ನನ್ನ ಕೀಬೋರ್ಡುಗಳು. ಏಳು ಇದ್ದವು. ಅಮ್ಮನ ಹಾರ್ಮೋನಿಯಂ ಸೇರಿಸಿದರೆ ಎಂಟು. ಅದು ಎಣಿಕೆಗೆ ಬಾರದ್ದು, ಅದನ್ನು ಬಿಡಿ.

ನಾನು ಶಾಲೆಯಲ್ಲಿ ಕನ್ನಡ ಮತ್ತು ಸಮಾಜ ಕಲಿಸುವವಳು. ಪಠ್ಯದ ಪದ್ಯಗಳಿಗೆ ರಾಗ ಹಾಕಿ ಹಾಡಿಸಿದರೆ ಮಕ್ಕಳಿಗೆ ಬೇಗ ಬಾಯಿಗೆ ಬರುತ್ತದೆ ಎಂಬುದನ್ನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕಂಡುಕೊಂಡೆ. ಗಲ್ಫಿನಿಂದ ಭಾವ ತಂದುಕೊಟ್ಟ ಪುಟ್ಟ ಕ್ಯಾಸಿಯೊದಿಂದ ಆರಂಭ. ಆಮೇಲೆ ಮೈಸೂರಿನ ಆರ್ಕೆಸ್ಟ್ರಾಗಳು ಒಂದೊಂದಾಗಿ ಕಣ್ಣು ಮುಚ್ಚಿದಾಗ, ಗಣೇಶನ ಪೆಂಡಾಲಿನಲ್ಲಿ ನುಡಿಸುತ್ತಿದ್ದ ಒಬ್ಬರಿಂದ ಯಮಹಾ ಡಿಎಕ್ಸ್7, ಮತ್ತೊಬ್ಬರಿಂದ ಕಾರ್ಗ್ ಎಂ1 ಕೊಂಡೆ. ಶಾಲೆಗೆ ಹೊತ್ತೊಯ್ಯಲು ಬ್ಯಾಟರಿಯ ಮೇಲೆ ಓಡುವ ಒಂದು ಹಗುರ ಯಮಹಾ. ಎಲ್ಲರೂ ಕೊಳ್ಳುತ್ತಾರೆಂದು ಒಂದು ರೋಲ್ಯಾಂಡ್ ಎಕ್ಸ್‌ಪಿಎಸ್-10. ಅಗ್ಗಕ್ಕೆ ಸಿಕ್ಕಿತೆಂದು, ಅರ್ಧ ಮನೆಗಳು ಮೂಕವಾಗಿದ್ದ ಇನ್ನೊಂದು; ಅದರ ಕಂಪನಿಯ ಹೆಸರು ಬೇಡ. ಕೊನೆಗೆ, ಮಗನ ಮೊದಲ ಸಂಬಳದಲ್ಲಿ ಬಂದ ಕಾರ್ಗ್ ಮೋನೊಲಾಗ್. ಒಂದು ಮೈಕು, ಒಂದು ಪುಟ್ಟ ರೆಕಾರ್ಡರು ಸೇರಿ ಅದಕ್ಕೆ ‘ಹೋಂ ಸ್ಟುಡಿಯೊ’ ಎಂದು ಹೆಸರಿಟ್ಟವನೂ ಇದೇ ಮಗರಾಯನೇ.

ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಏಳು ಹೆಚ್ಚೇ. ಅದು ಆಸೆ. ಅಂಗಡಿಯಲ್ಲಿ ಬಿಡಿಸಿ ಹಾಕಿದ ಸೀರೆ ಕಂಡರೆ ಬೀರುವಿನಲ್ಲಿರುವ ನಲವತ್ತು ಮರೆತುಹೋಗುವುದಿಲ್ಲವೇ, ಹಾಗೆ. ಈ ಪೆಟ್ಟಿಗೆ ಬಂದರೆ ನನ್ನ ಹಾಡು ಚೆನ್ನಾಗುತ್ತದೆ ಎಂದುಕೊಂಡೇ ಪ್ರತಿ ಸಲ ಕೊಂಡೆ. ಹಾಡು ಹಾಗೇ ಉಳಿಯಿತು, ಧೂಳು ಒರೆಸುವ ಬಟ್ಟೆ ದೊಡ್ಡದಾಯಿತು. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡಿನ ಮೂರೇ ಪೆಟ್ಟಿಗೆ ಇಟ್ಟುಕೊಂಡು, ಒಂದು ಕೀಬೋರ್ಡು, ಒಂದು ತಾಳದ್ದು, ಒಂದು ಮಂದ್ರದ್ದು, ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಮರುಮುದ್ರಣವಾದ ಮೇಲೆ ಪಶ್ಚಿಮದವರು ಹುಡುಕಿಕೊಂಡು ಬಂದು ಕೇಳಿದರು. ಮೂರು ಸಾಕಾಯಿತು ಅವರಿಗೆ. ನನಗೆ ಏಳು ಯಾತಕ್ಕೆ?

ಹಾಗಾಗಿ ಕಡಿಮೆ ಮಾಡುವುದರ ಬಗ್ಗೆ ನನ್ನ ತಕರಾರು ಇಲ್ಲ. ಯಾರು ಆರಿಸಬೇಕು, ಯಾವ ಅಳತೆಯಿಂದ ಆರಿಸಬೇಕು ಎಂಬುದರ ಬಗ್ಗೆ ಇದೆ.

ಮಗನ ಅಳತೆ ಸುಲಭದ್ದು. “ಅಮ್ಮಾ, ಇವೆಲ್ಲದರ ಸೌಂಡೂ ಲ್ಯಾಪ್‌ಟಾಪಿನಲ್ಲಿ ಸಿಗುತ್ತದೆ. ಏಳನ್ನೂ ಕೊಟ್ಟುಬಿಡು. ನನ್ನ ಹಳೆಯ ಲ್ಯಾಪ್‌ಟಾಪು ತಗೋ.” ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಕಾರ್ಗ್ ಕಂಪನಿಯೇ 1988ರ ತನ್ನ ಎಂ1ರ ನಾದಗಳನ್ನು ಈಗ ಸಾಫ್ಟ್‌ವೇರ್ ಮಾಡಿ ಮಾರುತ್ತದೆ. ಕಿವಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಬೆಲೆ ಕಡಿಮೆ, ಧೂಳಿಲ್ಲ, ಜಿರಳೆ ಒಳಗೆ ಹೋಗಿ ಸಂಸಾರ ಹೂಡುವುದಿಲ್ಲ. ಎಲ್ಲ ನಿಜ.

ಆದರೆ ನನಗೆ ಸಿಗುವ ಸಮಯ ಯಾವ ಬಗೆಯದು ಎಂದು ಅವನು ಕೇಳಲಿಲ್ಲ. ದರ್ಜಿಯ ಅಂಗಡಿಯಲ್ಲಿ ಕೆಳಗೆ ಬಿದ್ದಿರುತ್ತದಲ್ಲ, ತುಂಡು ಬಟ್ಟೆ, ಅಂಥದು. ಬೆಳಿಗ್ಗೆ ಕುಕ್ಕರು ಇಟ್ಟು ಮೂರು ಕೂಗು ಬರುವವರೆಗೆ ಎಂಟು ನಿಮಿಷ. ಶಾಲೆಯಿಂದ ಬಂದು ಕಾಫಿ ಡಿಕಾಕ್ಷನ್ ಇಳಿಯುವವರೆಗೆ ಹತ್ತು. ರಾತ್ರಿ ಮೊಸರಿಗೆ ಹೆಪ್ಪು ಹಾಕಿ, ಉತ್ತರ ಪತ್ರಿಕೆ ತಿದ್ದಿ, ಉಳಿದರೆ ಇಪ್ಪತ್ತು. ಗುಂಡಿ ಒತ್ತಿದರೆ ನನ್ನ ಕೀಬೋರ್ಡು ಕೆಲವೇ ಸೆಕೆಂಡಿನಲ್ಲಿ ‘ಸ’ ಎನ್ನುತ್ತದೆ. ಕುಕ್ಕರು ಕೂಗಿದರೆ ಹಾಗೇ ಗುಂಡಿ ಆರಿಸಿ ಏಳುತ್ತೇನೆ. ಲ್ಯಾಪ್‌ಟಾಪು? ಅದು ಏಳಬೇಕು, ಪಾಸ್‌ವರ್ಡು ಕೇಳಬೇಕು, ಅಪ್‌ಡೇಟು ಎಂದು ಹಟ ಹಿಡಿಯಬೇಕು, ಯಾವುದೋ ತಂತಿ ಸಿಕ್ಕಲಿಲ್ಲ ಎನ್ನಬೇಕು. ಮನೆ ಒತ್ತಿದ ಮೇಲೆ ನಾದ ಒಂದು ಗಳಿಗೆ ತಡವಾಗಿ ಬಂದರೆ ಅದನ್ನು ಸರಿಪಡಿಸಲು ಮಗನನ್ನೇ ಕರೆಯಬೇಕು, ಅವನು ಮೀಟಿಂಗಿನಲ್ಲಿರುತ್ತಾನೆ. ಅಷ್ಟರಲ್ಲಿ ನನ್ನ ಎಂಟು ನಿಮಿಷ ಬೆಂದು ಅನ್ನವಾಗಿರುತ್ತದೆ.

ಇನ್ನೊಂದು ಮಾತು. ಮನೆಯಲ್ಲಿರುವ ಕಂಪ್ಯೂಟರು ಎಲ್ಲರದು. ಕರೆಂಟ್ ಬಿಲ್ಲು ಕಟ್ಟಲು ನಮ್ಮವರಿಗೆ ಬೇಕು, ಟಿಕೆಟ್ಟು ಮಾಡಲು ಸೊಸೆಗೆ ಬೇಕು, ಸಿನಿಮಾ ನೋಡಲು ಎಲ್ಲರಿಗೂ ಬೇಕು. “ಒಂದು ನಿಮಿಷ ಕೊಡಿ” ಎಂದು ತೆಗೆದುಕೊಂಡು ಹೋದರೆ ಆ ದಿನಕ್ಕೆ ಮುಗಿಯಿತು. ಫೋನಿನ ಗತಿ ಇನ್ನೂ ಕಡೆ. ಆದರೆ ಸಿಂಥಸೈಜರ್ ಕೇಳಿಕೊಂಡು ನಮ್ಮ ಮನೆಯಲ್ಲಿ ಈವರೆಗೆ ಯಾರೂ ಬಂದಿಲ್ಲ. ಅದರಿಂದ ಸಂಗೀತ ಬಿಟ್ಟು ಬೇರೇನೂ ಆಗದು. ಒಂದೇ ಕೆಲಸ ಮಾಡುವ ವಸ್ತು ದಂಡ ಎನ್ನುತ್ತಾರೆ ಇಂದಿನವರು. ಅದೊಂದೇ ಕೆಲಸ ಮಾಡುವುದರಿಂದಲೇ ಅದು ನನ್ನ ಹತ್ತಿರ ಉಳಿದಿದೆ. ನಿಮ್ಮ ಮನೆಯಲ್ಲೂ ನಿಮ್ಮದೇ ಎನ್ನುವ ವಸ್ತು ಯಾವುದು, ಯಾಕೆ ಉಳಿಯಿತು, ಸ್ವಲ್ಪ ಯೋಚಿಸಿ ನೋಡಿ.

ಎದುರು ಮನೆಯ ಹಿರಿಯರೊಬ್ಬರು ಬೇರೆ ದಿಕ್ಕಿನಿಂದ ಬಂದರು. “ವೀಣೆಯ ಊರಿನಲ್ಲಿ ಹುಟ್ಟಿ ಈ ಪ್ಲಾಸ್ಟಿಕ್ ಪೆಟ್ಟಿಗೆಗೆ ಜಗಳವಾ ಟೀಚರೇ? ಗಮಕ ಬರುತ್ತದಾ ಅದರಲ್ಲಿ?” ಎಂದು. ವೀಣೆ ಶೇಷಣ್ಣನವರೇ ಪಿಯಾನೊ ನುಡಿಸುತ್ತಿದ್ದರು. ತೊಂಬತ್ತನಾಲ್ಕು ಕೃತಿ ರಚಿಸಿದ ಜಯಚಾಮರಾಜ ಒಡೆಯರು ಪಿಯಾನೊ ಕಲಿತವರು. ಅವರಿಗೆ ಕಾಡದ ಮಡಿ ನಮಗೇಕೆ? ಇನ್ನು ಹಾರ್ಮೋನಿಯಂ ಕಥೆ ಕೇಳಿ. ‘ಆಕಾಶವಾಣಿ’ ಎಂಬ ಹೆಸರಿನಲ್ಲಿ 1935ರಲ್ಲಿ ಬಾನುಲಿ ನಡೆಸಿದ್ದು ನಮ್ಮ ಮೈಸೂರಿನ ಪ್ರೊಫೆಸರ್ ಗೋಪಾಲಸ್ವಾಮಿಯವರು. ಅದೇ ಹೆಸರು ಮುಂದೆ ದೇಶಕ್ಕೆಲ್ಲ ಬಂತು. ಆದರೆ ದಿಲ್ಲಿಯ ದೊಡ್ಡವರು 1940ರಲ್ಲಿ, ಹಾರ್ಮೋನಿಯಂನಲ್ಲಿ ಶ್ರುತಿಯ ಸೂಕ್ಷ್ಮವಿಲ್ಲ, ಅದು ವಿದೇಶಿ ವಾದ್ಯ ಎಂದು ರೇಡಿಯೊದಿಂದಲೇ ಅದನ್ನು ಹೊರಗಟ್ಟಿದರು. ನಿಷೇಧ ಸಡಿಲವಾದದ್ದು 1971ರಲ್ಲಿ. ಆ ಮೂವತ್ತು ವರ್ಷ ಊರೂರಿನ ಹೆಂಗಸರು ಏನು ಮಾಡಿದರು? ನನ್ನ ಅಮ್ಮ ಮಾಡಿದ್ದನ್ನೇ. ನಡುಮನೆಯಲ್ಲಿ ಚಾಪೆ ಹಾಸಿ, ಅದೇ ಅಶುದ್ಧ ಪೆಟ್ಟಿಗೆಯ ಬಾತಿ ಒತ್ತುತ್ತ ದೇವರನಾಮ ಕಲಿತರು, ಕಲಿಸಿದರು. ರೇಡಿಯೊಗೆ ಆಗದ ಪೆಟ್ಟಿಗೆ ಅಡುಗೆಮನೆಯ ಪಕ್ಕಕ್ಕೆ ಆಯಿತು.

ಗಮಕದ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಹಾರ್ಮೋನಿಯಂನಲ್ಲಿ ಸ್ವರ ಒತ್ತಿದಲ್ಲೇ ನಿಲ್ಲುತ್ತದೆ, ಜಾರುವುದಿಲ್ಲ. ಸಿಂಥಸೈಜರಿನಲ್ಲಿ ಎಡಗೈಗೆ ಒಂದು ಚಕ್ರವೋ ಸನ್ನೆಯೋ ಇರುತ್ತದೆ. ಅದನ್ನು ಸರಿಸಿದರೆ ಸ್ವರ ಮೇಲಕ್ಕೆ, ಕೆಳಕ್ಕೆ ಬಾಗುತ್ತದೆ. ತೋಡಿಯ ಗಾಂಧಾರ ಆಡಿಸಲು ನನಗೆ ಎರಡು ವರ್ಷ ಹಿಡಿಯಿತು. ಇವತ್ತಿಗೂ ವೀಣೆಯ ಹಾಗೆ ಬರುವುದಿಲ್ಲ. ಹಾರ್ಮೋನಿಯಂಗಿಂತ ಹತ್ತಿರ ಬರುತ್ತದೆ, ಅಷ್ಟೆ.

ಆರಿಸುವಾಗ ಇದೇ ನನ್ನ ಮೊದಲ ಅಳತೆಯಾಯಿತು. ಎಷ್ಟು ನಾದ ಇದೆ ಎಂದು ನೋಡಲೇ ಇಲ್ಲ. ಅಂಗಡಿಯವರು “ಮೇಡಂ, ಸಾವಿರ ಟೋನ್ ಇದೆ” ಎನ್ನುತ್ತಾರೆ. 1983ರ ಡಿಎಕ್ಸ್7ರ ಹೊಟ್ಟೆಯಲ್ಲಿ ಒಂದು ಸಲಕ್ಕೆ ಇರುತ್ತಿದ್ದುದು 32 ನಾದ. ಅಷ್ಟನ್ನೇ ಇಟ್ಟುಕೊಂಡು ಆ ದಶಕದ ಎಷ್ಟೊಂದು ಹಾಡು ಬಂದವು! ಸಾವಿರದಲ್ಲಿ ನಾನು ಬಳಸಿದ್ದು ಒಂಬತ್ತು. ಎಣಿಸಿ ಬರೆದಿಟ್ಟಿದ್ದೇನೆ. ಉಳಿದದ್ದು ಮದುವೆ ಮನೆಯ ಪಾತ್ರೆ.

ನನ್ನ ಎಡಗೈಗೆ ಸನ್ನೆ ಸರಿಯಾಗಿ ಸಿಗುತ್ತದೆಯೇ, ಕಣ್ಣು ಮುಚ್ಚಿ ತಿರುಗಿಸಬಲ್ಲ ಗುಂಡಿಗಳು ಎಷ್ಟಿವೆ, ಕರೆಂಟು ಹೋದರೆ ಓಡುತ್ತದೆಯೇ, ನಾನೊಬ್ಬಳೇ ಎತ್ತಬಲ್ಲೆನೇ ಎಂದು ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಡಿಎಕ್ಸ್7 ಹದಿನಾಲ್ಕು ಕೆಜಿಯ ಮೇಲಿದೆ. ಐವತ್ತು ದಾಟಿದ ಸೊಂಟಕ್ಕೆ ಅದು ಸಲ್ಲದು. ಮೇಲಾಗಿ ಅದರಲ್ಲಿ ತಿರುಗಿಸಲು ಗುಂಡಿಗಳಿಲ್ಲ, ಒಂದು ನಾದ ತಿದ್ದಬೇಕಾದರೆ ಅಂಕಿಗಳ ಕಾಡಿನಲ್ಲಿ ಅಲೆಯಬೇಕು. ಕೊಟ್ಟೆ. ಎಂ1 ಕೊಡುವಾಗ ಹೊಟ್ಟೆ ಉರಿಯಿತು. ಆದರೆ ಸಾಫ್ಟ್‌ವೇರ್ ಆಗಿ ಸಿಗುವುದು ಅದೇ ತಾನೆ? ಮಗನ ಮಾತಿಗೂ ಒಂದು ಬೆಲೆ ಕೊಡಬೇಕು. ಮೂಕವಾದದ್ದು ಬಿಡಿಭಾಗಕ್ಕೆಂದು ರಿಪೇರಿಯವರ ಪಾಲಾಯಿತು. ಕ್ಯಾಸಿಯೊ ಏಳನೆಯ ತರಗತಿಯ ಒಬ್ಬ ಹುಡುಗಿಯ ಮನೆಗೆ ಹೋಯಿತು. ರೋಲ್ಯಾಂಡು ಒಳ್ಳೆಯ ಪೆಟ್ಟಿಗೆಯೇ, ಆದರೆ ಕಾರ್ಯಕ್ರಮ ಕೊಡುವವರದು. ನನ್ನ ಹತ್ತಿರ ಅದು ಶೋಕೇಸಿನ ಗೊಂಬೆಯಾಗಿತ್ತು.

ಉಳಿದದ್ದು ಎರಡು. ಶಾಲೆಯ ಯಮಹಾ, ಮತ್ತು ಮೋನೊಲಾಗ್. ಮನೆಯವರೆಲ್ಲ ನಕ್ಕದ್ದು ಇದಕ್ಕೇ. ಇಪ್ಪತ್ತೈದೇ ಮನೆ, ಎರಡು ಕೆಜಿಯೂ ಇಲ್ಲದ ಭಾರ, ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಪೆಟ್ಟಿಗೆ. ಪಿಯಾನೊ ಇಲ್ಲ, ಕೊಳಲಿಲ್ಲ, ಯಾವ ತಯಾರಿ ವಾದ್ಯವೂ ಇಲ್ಲ. ವಿದ್ಯುತ್ತಿನ ಒಂದು ಒರಟು ನಾದ ಇರುತ್ತದೆ, ಅದನ್ನು ಹಿಟ್ಟು ಜರಡಿ ಹಿಡಿದ ಹಾಗೆ ಗುಂಡಿ ತಿರುಗಿಸಿ ಸೋಸಬೇಕು. ಜರಡಿಯ ಕಣ್ಣು ಕಿರಿದು ಮಾಡಿದರೆ ನಾದ ಮೃದು, ಹಿರಿದು ಮಾಡಿದರೆ ತರಿತರಿ. ಇಷ್ಟೇ ವಿದ್ಯೆ. ನಮ್ಮ ಸಂಗೀತ ಒಂದು ಸಲಕ್ಕೆ ಒಂದು ಸ್ವರದ್ದೇ ತಾನೆ? ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಲೂ ಅದರಲ್ಲಿ ಬರುತ್ತದೆ, ಹನ್ನೆರಡು ಸ್ವರಸ್ಥಾನಗಳನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ಇಟ್ಟುಕೊಳ್ಳಲೂ ಬರುತ್ತದೆ. ಆರು ಬ್ಯಾಟರಿ ಹಾಕಿದರೆ ಹಿತ್ತಲ ಕಟ್ಟೆಯ ಮೇಲೂ ನುಡಿಯುತ್ತದೆ.

ಹಳೆಯದನ್ನು ಕೊಳ್ಳಲು ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ನಾನು ಪೆಟ್ಟು ತಿಂದು ಕಲಿತದ್ದನ್ನು ಹೇಳಿಬಿಡುತ್ತೇನೆ. ಪ್ರತಿಯೊಂದು ಮನೆಯನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ ನೋಡಿ. ಗುಂಡಿ ತಿರುಗಿಸುವಾಗ ಕರಕರ ಬಂದರೆ ಒಳಗೆ ಧೂಳು. ಎಂಬತ್ತು ತೊಂಬತ್ತರ ದಶಕದ ಅನೇಕ ಕೀಬೋರ್ಡುಗಳ ಹೊಟ್ಟೆಯಲ್ಲಿ ನಾಣ್ಯದಂಥ ಲಿಥಿಯಂ ಬ್ಯಾಟರಿ ಇದೆ; ಅದು ಸತ್ತರೆ ನೀವು ಕೂಡಿಟ್ಟ ನಾದಗಳೆಲ್ಲ ಅಳಿಸಿಹೋಗುತ್ತವೆ. ಹೊರದೇಶದಿಂದ ಬಂದದ್ದಾದರೆ 100 ವೋಲ್ಟಿನದೋ 230ರದೋ ಎಂದು ಹಿಂದೆ ಬರೆದಿರುವುದನ್ನು ಓದದೆ ಪ್ಲಗ್ಗು ಚುಚ್ಚಬೇಡಿ. ಅಡಾಪ್ಟರಿನ ಪ್ಲಸ್ಸು ಮೈನಸ್ಸು ಒಂದೊಂದು ಕಂಪನಿಯದು ಒಂದೊಂದು ಥರ.

ಈಗ ಸೊಸೆ ಜಪಾನಿನ ಮರೀ ಕೊಂಡೊ ಪುಸ್ತಕ ತೋರಿಸಿದಳು. ವಸ್ತುವನ್ನು ಕೈಯಲ್ಲಿ ಹಿಡಿದು, ಇದು ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕಂತೆ. ಒಳ್ಳೆಯ ಮಾತೇ. ಆದರೆ ತೆರವಾದ ಜಾಗ ಯಾರಿಗೆ ಹೋಗುತ್ತದೆ ಎಂದೂ ಕೇಳಿಕೊಳ್ಳಬೇಕಲ್ಲವೇ? ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ಮೂಗ್ ಸಿಂಥಸೈಜರ್ ಬಂತು, ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನು ಜೋಡಿಸಿಕೊಟ್ಟರು. ಅದರ ಮುಂದೆ ಕೂತು ರಚನೆ ಮಾಡಿದವರಲ್ಲಿ ಒಬ್ಬರು ಗೀತಾ ಸಾರಾಭಾಯಿ, ಪಖಾವಾಜ್ ನುಡಿಸುತ್ತಿದ್ದ ಹೆಂಗಸು. ಆ ಟೇಪುಗಳು ದಶಕಗಟ್ಟಲೆ ಸಂಸ್ಥೆಯ ಕಪಾಟಿನಲ್ಲಿ ಬಿದ್ದಿದ್ದು, 2023ರಲ್ಲಿ ಹೊರಗೆ ಬಂದವು. ಯಾರೋ ಒಬ್ಬರು ಕಪಾಟು ಖಾಲಿ ಮಾಡೋಣ ಎಂದಿದ್ದರೆ? ನನ್ನ ಶಾಲೆಯ ಪದ್ಯಗಳು ಅಷ್ಟು ದೊಡ್ಡವಲ್ಲ, ಗೊತ್ತು. ಆದರೂ ಕಪಾಟು ಕಪಾಟೇ.

ಐದನ್ನು ಕಳಿಸಿ ಆದ ಮೇಲೆ ಮಗ ಟೇಪು ಹಿಡಿದು ಬಂದ, ತನ್ನ ಮೇಜಿಗೆ ಅಳತೆ ತೆಗೆಯಲು. ಕಿಟಕಿ ಪಕ್ಕದ ನಾಲ್ಕು ಅಡಿ ಬಿಟ್ಟು ಅಳೆ ಅಂದೆ. “ಎರಡೇ ಅಲ್ವಾ ಉಳಿದಿರೋದು? ಮಂಚದ ಕೆಳಗೆ ಇಡಬಹುದಲ್ಲಾ” ಅಂದ. ಮಂಚದ ಕೆಳಗಿನಿಂದ ಎಳೆದು, ಧೂಳು ಒರೆಸಿ, ತಂತಿ ಜೋಡಿಸುವಷ್ಟರಲ್ಲಿ ಕುಕ್ಕರು ಎಷ್ಟು ಸಲ ಕೂಗಿರುತ್ತದೆ ಎಂದು ಕೇಳಿದೆ. ಅವನು ಸುಮ್ಮನಾದ. ಜಾಗ ಇನ್ನೂ ಬೇಕಿದ್ದರೆ ಹಿತ್ತಲ ಶೆಡ್ಡಿನಲ್ಲಿ ಆರು ಅಡಿ ಇದೆ, ಅಪ್ಪನನ್ನು ಕೇಳು ಎಂದೆ.

ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. ಮಗನ ಮೇಜು ಈಗ ಬಾಗಿಲ ಪಕ್ಕದಲ್ಲಿದೆ. ಮೀಟಿಂಗಿನಲ್ಲಿದ್ದಾಗ ಅವನು ಕಿವಿಗೆ ಹೆಡ್‌ಫೋನು ಹಾಕಿಕೊಳ್ಳುತ್ತಾನೆ, ನಾನೂ ಹಾಕಿಕೊಳ್ಳುತ್ತೇನೆ.