ಮನೆ ಬದಲಾದಾಗ ಮತವೂ ಜೊತೆಗೆ ಬರಲಿ

2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ 70 ದಾಟಿದರೂ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳು ಶೇ 55ನ್ನೂ ಮುಟ್ಟಲಿಲ್ಲ. ಇದೆಲ್ಲ ನಗರವಾಸಿಗಳ ಸೋಮಾರಿತನವೆಂದು ಷರಾ ಬರೆದುಬಿಡುವುದು ಸುಲಭ. ಆದರೆ ರಾಜಾಜಿನಗರದಿಂದ ಯಲಹಂಕಕ್ಕೆ ಮನೆ ಬದಲಿಸಿದವರ ಹೆಸರು ಹಳೆಯ ಮತಗಟ್ಟೆಯಲ್ಲೇ ಉಳಿದರೆ, ಅವರು ಅಲ್ಲಿ ಗೈರುಹಾಜರಾದ ಮತದಾರರಾಗಿ ಲೆಕ್ಕಕ್ಕೆ ಸೇರುತ್ತಾರೆ. ಇತ್ತ ಹೊಸ ಬಡಾವಣೆಯ ನೀರು, ಚರಂಡಿ, ರಸ್ತೆಯ ಅಹವಾಲಿನ ಹಿಂದೆ ಅವರ ಮತದ ಬಲ ಇರುವುದಿಲ್ಲ.

ಇದಕ್ಕೆ ಪರಿಹಾರ ನಮೂನೆ 8. 2022ರಿಂದ ಕ್ಷೇತ್ರದೊಳಗಿನ ಹಾಗೂ ಹೊರಗಿನ ಸ್ಥಳಾಂತರ ಎರಡಕ್ಕೂ ಇದೊಂದೇ ಅರ್ಜಿ. ಆನ್‌ಲೈನ್‌ನಲ್ಲೂ ಮತಗಟ್ಟೆ ಮಟ್ಟದ ಅಧಿಕಾರಿಯ ಮೂಲಕವೂ ಸಲ್ಲಿಸಬಹುದು. ನೋಂದಣಿಯಾಗದ ಬಾಡಿಗೆ ಕರಾರು ನಡೆಯದು ಎಂಬ ದೂರು ನಿಜ. ಆದರೆ ಹೊಸ ವಿಳಾಸವಿರುವ ಆಧಾರ್ ಅಥವಾ ಬ್ಯಾಂಕ್ ಪಾಸ್‌ಬುಕ್ ಸಾಕು. ಊರಿನ ನಂಟು ಕಡಿಯಬಾರದೆಂದು ಹೆಸರನ್ನು ಅಲ್ಲೇ ಉಳಿಸಿಕೊಳ್ಳುವವರ ಭಾವನೆ ಗೌರವಾರ್ಹವೇ. ಆದರೂ 1950ರ ಜನಪ್ರತಿನಿಧಿ ಕಾಯ್ದೆ ಕೇಳುವುದು ಸಾಮಾನ್ಯ ವಾಸಸ್ಥಳವನ್ನು; ಎರಡು ಕಡೆ ಹೆಸರಿಗೆ ಅದು ಅವಕಾಶ ಕೊಡುವುದಿಲ್ಲ. ಚುನಾವಣೆ ಬಂದಾಗ ನೋಡಿಕೊಳ್ಳೋಣ ಎನ್ನುವುದೂ ಅಪಾಯಕಾರಿ: ನಾಮಪತ್ರ ಸಲ್ಲಿಕೆಯ ಗಡುವು ಮುಗಿದ ಮೇಲೆ ಪಟ್ಟಿಗೆ ಹೆಸರು ಸೇರದು. ಗ್ಯಾಸ್ ಸಂಪರ್ಕದ ವಿಳಾಸ ಬದಲಿಸುವ ವಾರದಲ್ಲೇ ಮತದ ವಿಳಾಸವನ್ನೂ ಬದಲಿಸಬೇಕು. ಚುನಾವಣಾ ಆಯೋಗವೂ ಮನೆ ಬದಲಾವಣೆ ಹೆಚ್ಚಿರುವ ಬಡಾವಣೆಗಳಿಗೆ ಅಧಿಕಾರಿಗಳನ್ನು ವರ್ಷವಿಡೀ ಕಳುಹಿಸಬೇಕು.