ಖಳನ ಒಡ್ಡೋಲಗ

ಮೂಡಲಪಾಯದ ಬಯಲಾಟದಲ್ಲಿ ರಕ್ಕಸನ ಪಾತ್ರ ರಂಗಕ್ಕೆ ಬಂದೊಡನೆ ಯಾರನ್ನೂ ಕೊಲ್ಲುವುದಿಲ್ಲ. ಸಾರಥಿ ಎದುರು ನಿಂತು ತಾವು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಭುಜಕೀರ್ತಿಯ ಭಾರ ಹೊತ್ತ ಆ ಖಳ ತನ್ನ ಹೆಸರನ್ನೂ ಹಮ್ಮನ್ನೂ ಹಗೆಯನ್ನೂ ಬಾಯಿತುಂಬ ಹೇಳಿಕೊಂಡ ಮೇಲೆಯೇ ಕಥೆ ಮುಂದಕ್ಕೆ ಸಾಗುವುದು. ಶಿವಗಂಗೆಯ ಸುತ್ತಿನ ಈ ಸೀಮೆಯ ಜನ ಇರುಳಿಡೀ ಎದ್ದು ಕುಳಿತು ಕೇಳಿದ್ದು ಬಹುಮಟ್ಟಿಗೆ ಖಳರ ಮಾತನ್ನೇ ಎಂದರೆ ಅತಿಶಯೋಕ್ತಿಯಾಗದು.

ಬೆಟ್ಟದ ಬುಡದ ಕಟ್ಟೆಗಳ ಮೇಲೆ ಇಂದು ಕುಳಿತಿರುವ ಹುಡುಗರ ಕೈಯಲ್ಲಿ ಫೋನಿದೆ, ಫೋನಿನಲ್ಲಿ ಬಂದೂಕಿನ ಆಟವಿದೆ. ಪಬ್ಜಿಯನ್ನು ಸರ್ಕಾರ 2020ರಲ್ಲಿ ನಿಷೇಧಿಸಿತು. ಮರುವರ್ಷ ಅದು ಹೆಸರು ಬದಲಿಸಿಕೊಂಡು ಮರಳಿ ಬಂತು. ನೂರು ಮಂದಿ ಆಕಾಶದಿಂದ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆದ್ದವರು. ಅಲ್ಲಿ ವೈರಿಗಳು ಬೇಕಾದಷ್ಟು, ಖಳ ಒಬ್ಬನೂ ಇಲ್ಲ. ಸತ್ತವನು ಯಾರು, ಅವನ ದೂರೇನು ಎಂದು ಕೇಳುವ ಸಾರಥಿಯೂ ಇಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯಿದೆಯನ್ನು ಮಾಡಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ನಮ್ಮ ಚರ್ಚೆಯೆಲ್ಲ ಕಳೆದ ಹಣದ ಬಗೆಗೆ, ಕಳೆದ ಹೊತ್ತಿನ ಬಗೆಗೆ. ಆಟ ಹೇಳುವ ಕಥೆ ಎಂಥದು ಎಂದು ಕೇಳಿದವರು ವಿರಳ.

ಕಥೆಯುಳ್ಳ ಬಂದೂಕಿನ ಆಟಗಳೂ ಇವೆ. ಯೂಬಿಸಾಫ್ಟ್ ಸಂಸ್ಥೆಯ ‘ಫಾರ್ ಕ್ರೈ’ ಸರಣಿ ಅವುಗಳಲ್ಲಿ ಹೆಸರಾದುದು. ಇವನ್ನು ‘ಓಪನ್ ವರ್ಲ್ಡ್’ ಎನ್ನುತ್ತಾರೆ; ಬಯಲು ಜಗತ್ತು ಎನ್ನೋಣ. ಆಡುವವನು ಕಾಡು ಸುತ್ತಬಹುದು, ಬೇಟೆಯಾಡಬಹುದು, ಕಥೆಯನ್ನು ವಾರಗಟ್ಟಲೆ ಮರೆತುಬಿಡಬಹುದು. ಕಥೆಗಾರನ ಕಷ್ಟ ಇರುವುದು ಇಲ್ಲಿಯೇ. ಕೇಳುವವನು ಯಾವಾಗ ಬೇಕಾದರೂ ಎದ್ದು ಹೋಗಬಹುದಾದಲ್ಲಿ ಖಳನನ್ನು ನೆನಪಿನಲ್ಲಿ ನಿಲ್ಲಿಸುವುದು ಹೇಗೆ?

2012ರ ಮೂರನೆಯ ಆಟದಲ್ಲಿ ವಾಸ್ ಎಂಬ ಕಡಲುಗಳ್ಳನಿದ್ದಾನೆ. ನಾಯಕನನ್ನು ಕಟ್ಟಿಹಾಕಿ, ನೀರಿನ ಅಂಚಿನಲ್ಲಿ ಅತ್ತಿಂದಿತ್ತ ನಡೆಯುತ್ತ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದೇ ಹುಚ್ಚು ಎಂಬರ್ಥದ ಮಾತಾಡಿ ನೀರಿಗೆ ನೂಕುತ್ತಾನೆ. ಅದುವರೆಗೆ ಆಡುವವನು ಮಾಡಿದ್ದಾದರೂ ಏನು? ಒಂದು ಠಾಣ್ಯ ಗೆದ್ದು ಇನ್ನೊಂದಕ್ಕೆ ನುಗ್ಗುವ ಒಂದೇ ಕೆಲಸ! ಈ ಪಾತ್ರವನ್ನು ಮೈಕಲ್ ಮ್ಯಾಂಡೊ ಎಂಬ ನಟನ ಮುಖ, ದನಿಗಳ ಮೇಲೆ ಕಟ್ಟಿದರು. ಆದರೆ ವಾಸ್ ನಡುದಾರಿಯಲ್ಲೇ ಸಾಯುತ್ತಾನೆ. ಆಮೇಲೆ ಬರುವ ಹಾಯ್ಟ್ ಅವನ ಧಣಿಯಾದರೂ ಆಟ ಸಪ್ಪೆಯಾಗುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು 2014ರ ನಾಲ್ಕನೆಯದು. ಕಿರಾಟ್ ಎಂಬ ಕಲ್ಪಿತ ಹಿಮಾಲಯದ ನಾಡಿಗೆ ಅಜಯ್ ಎಂಬ ತರುಣ ತಾಯಿ ಈಶ್ವರಿಯ ಚಿತಾಭಸ್ಮ ಹೊತ್ತು ಬರುತ್ತಾನೆ. ಸರ್ವಾಧಿಕಾರಿ ಪೇಗನ್ ಮಿನ್ ಅವನನ್ನು ಊಟಕ್ಕೆ ಕೂರಿಸಿ, ಇಲ್ಲೇ ಇರು, ಬರುತ್ತೇನೆ ಎಂದು ಎದ್ದು ಹೋಗುತ್ತಾನೆ. ಎಲ್ಲರೂ ಆ ಗಳಿಗೆಯಲ್ಲೇ ತಪ್ಪಿಸಿಕೊಳ್ಳುತ್ತಾರೆ, ಬಂಡುಕೋರರನ್ನು ಸೇರುತ್ತಾರೆ, ಲೆಕ್ಕವಿಲ್ಲದಷ್ಟು ಮಂದಿಯನ್ನು ಕೊಲ್ಲುತ್ತಾರೆ. ಏಳದೆ ಸುಮಾರು ಕಾಲು ಗಂಟೆ ಕುಳಿತರೆ ಖಳ ಹೇಳಿದಂತೆಯೇ ಹಿಂತಿರುಗಿ, ಅಜಯನನ್ನು ತಾನೇ ಕರೆದೊಯ್ದು, ಸತ್ತ ಮಗಳು ಲಕ್ಷ್ಮಣಳ ಗುಡಿಯಲ್ಲಿ ಬೂದಿಯನ್ನಿರಿಸಲು ಬಿಡುತ್ತಾನೆ. (ಹೆಣ್ಣುಮಗುವಿಗೆ ಆ ಹೆಸರನ್ನಿಟ್ಟವರು ನಮ್ಮ ಕಡೆಯ ಒಬ್ಬ ಅಜ್ಜಿಯನ್ನು ಕೇಳಬಹುದಿತ್ತು.) ಆಡುವವನು ಒಂದು ಗುಂಡನ್ನೂ ಹಾರಿಸದೆ ಆಟ ಮುಗಿಯುತ್ತದೆ. ಆ ಮಗಳನ್ನು ಕೊಂದವನು ಅಜಯನ ತಂದೆ. ಇತ್ತ ಬಂಡುಕೋರರ ಇಬ್ಬರು ಮುಂದಾಳುಗಳಲ್ಲಿ ಯಾರನ್ನು ಗೆಲ್ಲಿಸಿದರೂ ನಾಡಿನ ಗೋಳು ತಪ್ಪುವುದಿಲ್ಲ. ಇದನ್ನು ಆಡಿದ ನನ್ನ ವಿದ್ಯಾರ್ಥಿಯೊಬ್ಬ, “ಸಾರ್, ಓಡು ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೇ ಓಡಿದ್ದು” ಎಂದ. ಪಾಠದ ಕೊಠಡಿಯಲ್ಲಿ ಅಂಥ ಮಾತು ನನಗೆ ಅಪರೂಪವಾಗಿ ದೊರೆತಿದೆ.

ಖಳರಿಗೆ ಇಷ್ಟು ಮಾತು ಕೊಟ್ಟರೆ ಎಳೆಯರು ಕೆಡುವರು ಎಂಬ ಆಕ್ಷೇಪವನ್ನು ಬಲ್ಲೆ. ಹತ್ತನೆಯ ಶತಮಾನದ ರನ್ನ ‘ಗದಾಯುದ್ಧ’ದಲ್ಲಿ ಸುಯೋಧನನನ್ನು ಹೆಣಗಳ ನಡುವೆ ನಡೆಸಿದ, ಕರ್ಣನಿಗಾಗಿ ಅಳಿಸಿದ, ಶತ್ರುವಿನ ಮಗ ಅಭಿಮನ್ಯುವನ್ನು ಹೊಗಳಿಸಿದ. ಅದನ್ನೋದಿ ಕೌರವನ ಪಕ್ಷ ಸೇರಿದವರು ಯಾರೂ ಇಲ್ಲ. ಓದುಗರು ಅವನ ಜೊತೆ ಆ ಬಯಲನ್ನು ನಡೆದರು, ಅಷ್ಟೆ.

ಜೊತೆಯಲ್ಲಿ ನಡೆಯುವುದೇ ಮುಖ್ಯವೆಂದು ನನಗೆ ತೋರುತ್ತದೆ. 2021ರ ಆರನೆಯ ಫಾರ್ ಕ್ರೈನಲ್ಲಿ ಜಿಯಾನ್‌ಕಾರ್ಲೊ ಎಸ್ಪೊಸಿಟೊ ಅವರಂಥ ಸಮರ್ಥ ನಟ ಸರ್ವಾಧಿಕಾರಿಯಾದರೂ, ಆತ ಬಹುಪಾಲು ದೂರದ ದೃಶ್ಯಗಳಲ್ಲೇ ಉಳಿದು ಹಿಡಿತ ತಪ್ಪಿತು. ರಾಕ್‌ಸ್ಟಾರ್ ಸಂಸ್ಥೆಯ 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ರಲ್ಲಿ ಡಚ್ ಎಂಬ ನಾಯಕ ಖಳನೆಂದು ಮೊದಲಿಗೆ ತಿಳಿಯುವುದೇ ಇಲ್ಲ. ಕುದುರೆಯೇರಿ ಎಲ್ಲೆಲ್ಲೋ ಅಲೆದು ಬಿಡಾರಕ್ಕೆ ಮರಳಿದಾಗಲೆಲ್ಲ ಆತ ಅಲ್ಲಿಯೇ ಇರುತ್ತಾನೆ, ಅದೇ ಸಿಹಿ ಮಾತು ಆಡುತ್ತಾನೆ. ಆ ಮಾತು ಹುಳಿಯಾಗುವುದನ್ನು ನಾವು ದಿನದಿನವೂ ಕೇಳುತ್ತೇವೆ.

ಆ ಆಟ ಕಟ್ಟಿದವರಲ್ಲಿ ನಮ್ಮ ಬೆಂಗಳೂರಿನ ರಾಕ್‌ಸ್ಟಾರ್ ಶಾಖೆಯವರೂ ಇದ್ದರು. ಭಾರತದಲ್ಲಿ ಈ ಉದ್ಯಮದ ಮೊದಲಿಗರಲ್ಲಿ ಒಂದಾದ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ಆ ಸಂಸ್ಥೆಯೇ ಕೊಂಡಿತು. ಪರದೇಶದ ಆಟಗಳಿಗೆ ಬಂಡಿ, ಬಂಡೆ, ಮರ, ಮನೆಗಳನ್ನು ಚಿತ್ರಿಸಿಕೊಡುವ ಕೈಗಳು ಶಿವಗಂಗೆಯಿಂದ ಸುಮಾರು 50 ಕಿಲೋಮೀಟರಿನಾಚೆ ಎಷ್ಟೋ ಇವೆ. ಖಳನ ಮಾತನ್ನು ಮಾತ್ರ ಬೇರೆಲ್ಲೋ ಬರೆಯುತ್ತಾರೆ. ಮೂಡಲಪಾಯದ ಪ್ರಸಂಗಗಳನ್ನು ಬಲ್ಲ ಒಬ್ಬ ಭಾಗವತರನ್ನು ಆ ಕೈಗಳ ಪಕ್ಕದಲ್ಲಿ ಒಂದು ತಿಂಗಳು ಕೂರಿಸಿದರೆ ಏನು ಹುಟ್ಟೀತು ಎಂದು ನೋಡುವ ಆಸೆ ನನಗಿದೆ.